ಒಬಾಮ ಕೀನ್ಯಾಕ್ಕೆ ಏನು ಕೊಟ್ಟರು?

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಎಂಟು ವರ್ಷ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ತಂದೆಯ ನಾಡಿಗೆ ಹೇಳಿಕೊಳ್ಳುವಂಥದ್ದೇನನ್ನೂ ಮಾಡಲಿಲ್ಲ. ಆದರೂ ಕೀನ್ಯಾದವರು ಅವರನ್ನು ಮನೆಮಗನೆಂದು ಮೆರೆಸಿದ್ದು ಬರೀ ಭಾವುಕತೆಯಲ್ಲವೇ?’

ಅಲ್ಲ ಎನ್ನುತ್ತೇನೆ. ಆ ಅಭಿಮಾನದ ಬೇರು ಇರುವುದು ಕೀನ್ಯಾದ ರಾಜಕೀಯದಲ್ಲೇ. ಒಬಾಮರ ತಂದೆ ಲುವೊ ಸಮುದಾಯದವರು. ಮನೆತನದ ಊರು ದೇಶದ ಪಶ್ಚಿಮಕ್ಕಿರುವ ಕೊಗೆಲೊ. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಲುವೊ ಜನರಲ್ಲಿ ಒಬ್ಬರೂ ರಾಷ್ಟ್ರದ ಅಧ್ಯಕ್ಷರಾಗಿಲ್ಲ. ಅವರ ಪ್ರಭಾವಿ ನಾಯಕ ಟಾಮ್ ಎಂಬೋಯಾ 1969ರಲ್ಲಿ ನೈರೋಬಿಯ ನಡುಬೀದಿಯಲ್ಲಿ ಗುಂಡಿಗೆ ಬಲಿಯಾದರು. ಮೊದಲ ಉಪಾಧ್ಯಕ್ಷರಾಗಿದ್ದ ಒಗಿಂಗಾ ಒಡಿಂಗಾ ಅದೇ ವರ್ಷ ಸೆರೆಗೆ ಹೋದರು. ಅವರ ಮಗ ರಾಯ್ಲಾ 2007ರ ಚುನಾವಣೆಯಲ್ಲಿ ಸೋತರೆಂದು ಘೋಷಿಸಿದಾಗ ಮತ ಕದ್ದರೆಂಬ ಕೂಗೆದ್ದು, ಮುಂದಿನ ಗಲಭೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ಆ ಗಾಯ ಹಸಿಯಾಗಿರುವಾಗಲೇ, ನವೆಂಬರ್ 2008ರಲ್ಲಿ, ಒಬಾಮ ಗೆದ್ದರು. ಕೀನ್ಯಾಕ್ಕಿಂತ ಮೊದಲು ಅಮೆರಿಕವೇ ಲುವೊ ಅಧ್ಯಕ್ಷನನ್ನು ಕಂಡಿತು ಎಂದು ಜನ ಆಡಿಕೊಂಡರು. ನಗುತ್ತ ಆಡಿದ ಆ ಮಾತಿನಲ್ಲಿ ಎಷ್ಟು ಸಂಕಟವಿತ್ತೆಂದು ಯೋಚಿಸಿ. ಲುವೊ ಜನರ ಮುಖ್ಯ ಪಟ್ಟಣ ಕಿಸುಮುವಿನ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಬರಾಕ್, ಮಿಶೆಲ್ ಎಂದು ಹೆಸರಿಟ್ಟರು. ಒಬಾಮ ಆಗ ಸೆನೆಟರ್ ಆಗಿದ್ದರಿಂದ, ‘ಸೆನೆಟರ್’ ಹೆಸರಿನ ಅಗ್ಗದ ಬಿಯರನ್ನು ಮೊದಲಿಂದಲೇ ‘ಒಬಾಮ’ ಎಂದು ಕೇಳುತ್ತಿದ್ದರು. ನವೆಂಬರ್ 6ರಂದು ದೇಶಕ್ಕೆಲ್ಲ ರಜೆ ಘೋಷಿಸಿದವರು ಯಾರು? ರಾಯ್ಲಾ ಎದುರು ಗೆದ್ದೆನೆಂದ ಅಧ್ಯಕ್ಷ ಮ್ವಾಯ್ ಕಿಬಾಕಿಯವರೇ!

ಹಾಗೆಂದು ಅದು ಕುರುಡು ಅಭಿಮಾನವೂ ಅಲ್ಲ. ಅಧ್ಯಕ್ಷರಾದ ಮೇಲೆ 2009ರಲ್ಲಿ ಒಬಾಮ ಕೀನ್ಯಾ ಬಿಟ್ಟು ಘಾನಾಕ್ಕೆ ಹೋದಾಗ ಬಹಳ ಜನ ನೊಂದುಕೊಂಡರು. 2015ರಲ್ಲಿ ನೈರೋಬಿಗೆ ಬಂದು ಸಲಿಂಗಿಗಳ ಹಕ್ಕಿನ ಮಾತೆತ್ತಿದಾಗ, ಪಕ್ಕದಲ್ಲೇ ನಿಂತಿದ್ದ ಆಗಿನ ಕೀನ್ಯಾ ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅದು ನಮ್ಮ ಜನರಿಗೆ ಮುಖ್ಯ ವಿಷಯವೇ ಅಲ್ಲ ಎಂದುಬಿಟ್ಟರು. ಅನೇಕರು ಮೆಚ್ಚಿದ್ದು ಉಹುರು ಮಾತನ್ನು. ನನಗೆ ಒಬಾಮರ ಮಾತೇ ಸರಿಯೆನಿಸುತ್ತದೆ. ಇನ್ನು ನೆರವಿನ ಲೆಕ್ಕವೇ ಮುಖ್ಯವೆನ್ನುವುದಾದರೆ, 2003ರಲ್ಲಿ ಏಡ್ಸ್ ಔಷಧದ ದೊಡ್ಡ ಯೋಜನೆ ಶುರುಮಾಡಿದ ಜಾರ್ಜ್ ಬುಷ್‌ಗೆ ಕೀನ್ಯಾ ಹೆಚ್ಚು ಋಣಿ. ಇದನ್ನು ಅಲ್ಲಿಯವರೇ ಹೇಳುತ್ತಾರೆ.

ಒಬಾಮ ಕೊಟ್ಟದ್ದು ನೇರ ಮಾತು. ತಂದೆ 1965ರಲ್ಲೇ ಸರ್ಕಾರದ ಆರ್ಥಿಕ ನೀತಿಯನ್ನು ಲೇಖನ ಬರೆದು ಟೀಕಿಸಿದ್ದವರು. ಮುಂದೆ ಅವರ ವೃತ್ತಿಜೀವನವೇ ಕುಸಿಯಿತು. ಮಗ 2006ರಲ್ಲಿ, ಇನ್ನೂ ಸೆನೆಟರ್ ಆಗಿದ್ದಾಗ, ನೈರೋಬಿ ವಿಶ್ವವಿದ್ಯಾಲಯದಲ್ಲಿ ನಿಂತು ಲಂಚ, ಬುಡಕಟ್ಟು ರಾಜಕಾರಣ ಎರಡನ್ನೂ ಝಾಡಿಸಿದರು. ಸರ್ಕಾರದ ವಕ್ತಾರರು ಸಿಟ್ಟಾದರು. 2015ರಲ್ಲಿ ಕಸರಾನಿ ಕ್ರೀಡಾಂಗಣದಲ್ಲಿ ಅದನ್ನೇ ಮತ್ತೆ ಹೇಳಿದರು, ಹೆಣ್ಣುಮಕ್ಕಳನ್ನು ಶಾಲೆಯಿಂದ ದೂರವಿಡುವುದನ್ನೂ ಖಂಡಿಸಿದರು. ಸೇರಿದ್ದ ಸಾವಿರಾರು ಜನ ಚಪ್ಪಾಳೆ ತಟ್ಟಿದರು. ತಮ್ಮ ನಾಯಕರಿಗೆ ತಾವು ಹೇಳಬೇಕೆಂದಿದ್ದನ್ನು, ಯಾರೂ ತಡೆಯಲಾಗದ ಒಬ್ಬರು ಹೇಳುತ್ತಿದ್ದರು.