ಗರ್ಭಕೋಶ ತೆಗೆಯುವ ಆಪರೇಷನ್ ಅಲ್ಲ ಇದು: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆ ಮತ್ತು ಕೊಟ್ಟ ಸಲಹೆ ಮಾತ್ರ ಇದ್ದ ಹಾಗೆಯೇ ಇವೆ.

31 ವರ್ಷದ ಮಹಿಳೆ. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಸೊಸೆ, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಎಂಡೊಮೆಟ್ರಿಯೋಸಿಸ್‌ಗೆ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತ ಮಾಡುವ ಆಪರೇಷನ್) ಮಾಡುವುದೆಂದು ನಿಗದಿಯಾಗಿತ್ತು. ಆದರೆ ಈಕೆ ಎರಡು ಸಲ ದಿನಾಂಕ ಮುಂದೂಡಿದ್ದರು, ರಾತ್ರಿ ನಿದ್ದೆಯಿರಲಿಲ್ಲ. ಶಿವಮೊಗ್ಗದ ಸ್ತ್ರೀರೋಗ ತಜ್ಞೆ ನನ್ನ ಬಳಿ ಕಳಿಸಿದ್ದು ಅದಕ್ಕೇ. ಮೊದಲ ಭೇಟಿಯಲ್ಲಿ ಬಹಳ ಹೊತ್ತು ಕೊಯ್ಲಿನ ಮಾತೇ ಆಡಿದರು: ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗುವುದಿಲ್ಲ, ಸುಲಿಯುವವರಿಗೆ ಅಡುಗೆ ಮಾಡಬೇಕು, ಇಂಥ ಹೊತ್ತಲ್ಲಿ ಮಲಗಿದರೆ ಹೇಗೆ. ಕೊನೆಗೆ ದನಿ ತಗ್ಗಿಸಿ, "ಮೇಡಂ, ಒಳಗೆ ನೋಡಿ ಗರ್ಭಕೋಶನೇ ತೆಗೆದುಬಿಟ್ರೆ ನಾನು ಎಂತ ಮಾಡ್ಲಿ?" ಅಂದರು.

ಈ ಹೆದರಿಕೆ ಎಲ್ಲಿಂದ ಬಂತೆಂದು ಹುಡುಕಬೇಕಿರಲಿಲ್ಲ. ನಮ್ಮ ಕಡೆ ಹೆಂಗಸಿಗೆ 'ಹೊಟ್ಟೆ ಆಪರೇಷನ್' ಆಯಿತು ಅಂದರೆ ಒಂದೋ ಮಕ್ಕಳಾಗದ ಹಾಗೆ ಮಾಡಿಸಿದ್ದು, ಇಲ್ಲವೇ ಗರ್ಭಕೋಶ ತೆಗೆಸಿದ್ದು. ಮೂರನೆಯದೊಂದು ಇದೆ ಎಂದು ಇವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯವರಿಗೂ ಹಿಂದೆಯೇ ಗರ್ಭಕೋಶ ತೆಗೆಸಿ ಆಗಿತ್ತು.

ಹಾಗಾಗಿ ಮೊದಲು ಕಾಯಿಲೆಯನ್ನೇ ಬಿಡಿಸಿ ಹೇಳಿದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುತ್ತದೆ. ಅಲ್ಲೆಲ್ಲ ಉರಿಯೂತವಾಗಿ, ಕಾಲ ಕಳೆದಂತೆ ಅಂಗಕ್ಕೆ ಅಂಗ ಹಲಸಿನ ಮೇಣ ಹತ್ತಿದ ಹಾಗೆ ಅಂಟಿಕೊಳ್ಳುತ್ತದೆ. ಇವರ ಎಂಆರ್‌ಐನಲ್ಲಿ ಎಡ ಅಂಡಾಶಯದಲ್ಲಿ 5 ಸೆಂಟಿಮೀಟರ್‌ನ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ಇತ್ತು, ಅಂಡಾಶಯ ಹಿಂದೆ ಕರುಳಿಗೆ ಅಂಟಿತ್ತು. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತರೆ ಚೂರಿ ಹಾಕಿದಂತೆ ನೋಯುತ್ತಿದ್ದುದು ಇದರಿಂದ. ಅದನ್ನು ಅಲ್ಲಿಯವರೆಗೆ ಅವರು ಗಂಡನಿಗೂ ಹೇಳಿರಲಿಲ್ಲ.

ನೋವು ಶುರುವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿ. ಮದುವೆಯಾದರೆ ಸರಿಹೋಗ್ತದೆ ಎಂದರು, ಆಮೇಲೆ ಒಂದು ಮಗುವಾದರೆ ಸರಿಹೋಗ್ತದೆ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹೆಂಗಸರು, ಹುಡುಗಿಯರಲ್ಲಿ ಸುಮಾರು ಶೇ. 10ರಷ್ಟು, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ ಈ ಕಾಯಿಲೆಯಿದೆ. ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುವುದೂ ಉಂಟು. ಇವರಿಗೆ 17 ವರ್ಷ ಹಿಡಿದಿತ್ತು. ಅಷ್ಟು ವರ್ಷ "ಎಲ್ಲರಿಗೂ ಇದ್ದದ್ದೇ" ಎಂದು ಕೇಳಿಸಿಕೊಂಡವರಿಗೆ ಡಾಕ್ಟರ ಮಾತಿನ ಮೇಲೂ ನಂಬಿಕೆ ಬರುವುದು ಕಷ್ಟ.

ನಾನು ಕೊಟ್ಟ ಮೊದಲ ಸಲಹೆ, ಹೆದರಿಕೆಯನ್ನು ಪ್ರಶ್ನೆ ಮಾಡಿ ಬರೆಯಿರಿ ಎಂಬುದು. ಸಂಘದ ಹಳೇ ಲೆಡ್ಜರ್ ಹಾಳೆಯ ಹಿಂಬದಿಯಲ್ಲಿ, ಜಮಾ ಖರ್ಚು ಬರೆಯುವ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದುಕೊಂಡು ಬಂದರು. ಗರ್ಭಕೋಶ ಮುಟ್ಟುತ್ತೀರಾ? ಅಂಡಾಶಯ ಉಳಿಸಲು ಆಗದಿದ್ದರೆ ಅಲ್ಲೇ ತೆಗೆಯುತ್ತೀರೋ, ನಿಲ್ಲಿಸಿ ನನ್ನನ್ನು ಕೇಳುತ್ತೀರೋ? ಕಾಯಿಲೆಯ ಅಂಗಾಂಶವನ್ನು ಸುಡುತ್ತೀರೋ, ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುತ್ತೀರೋ? ಕರುಳಿಗೆ ಕೈ ಹಾಕಬೇಕಾದರೆ ಆ ಸರ್ಜನ್ ಇರುತ್ತಾರಾ, ಮಲಕ್ಕೆ ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡುವ ಪ್ರಸಂಗ ಬರಬಹುದಾ? ನಾನು ಸೇರಿಸಿದ್ದು ಒಂದೇ: ಅಂಡಾಶಯದ ಸಿಸ್ಟ್ ತೆಗೆಯುವಾಗ ಅಂಡಾಣುಗಳ ಸಂಗ್ರಹ ಸ್ವಲ್ಪ ಕುಗ್ಗಬಹುದು, ಆದ್ದರಿಂದ ಆ ಸಂಗ್ರಹವನ್ನು ಅಂದಾಜು ಮಾಡುವ ಎಎಂಎಚ್ ರಕ್ತಪರೀಕ್ಷೆಯನ್ನು ಮೊದಲೇ ಮಾಡಿಸಬೇಕಾ ಎಂದು ಕೇಳಿ. ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟರು. "ಗರ್ಭಕೋಶ ತೆಗೆಯುವುದಿಲ್ಲ" ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿಕೊಂಡ ಮೇಲೆ ಇವರಿಗೆ ನಿದ್ದೆ ಹತ್ತಿತು. ಒಪ್ಪಿಗೆ ಪತ್ರವನ್ನು ಆಪರೇಷನ್ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಸಹಿ ಹಾಕುವ ಕಾಗದವೆಂದು ಯಾರೂ ತಿಳಿಯಬಾರದು. ಹಿಂದಿನ ಭೇಟಿಯಲ್ಲೇ ಕೇಳಿ ಓದಿ.

ಎರಡನೆಯದು, ಅದೇ ಆಪರೇಷನ್ ಆದ ಇನ್ನೊಬ್ಬರ ಜೊತೆ ಮಾತು. ಸಾಗರದ ಕಡೆಯವರೊಬ್ಬರು ಎರಡು ವರ್ಷದ ಹಿಂದೆ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಬೇರೆಯವರಿಗೆ ಬೇಕಾದರೆ ಮಾತಾಡುತ್ತೇನೆ ಎಂದು ತಾವಾಗಿಯೇ ಹೇಳಿದ್ದರು. ಇಬ್ಬರನ್ನೂ ಸೇರಿಸುವ ಮೊದಲು ಕೆಲವು ಮಾತು ಒಪ್ಪಿಸಿದ್ದೆ. ತಮಗೆ ಆದದ್ದನ್ನು ಮಾತ್ರ ಹೇಳಬೇಕು, "ನಿನಗೂ ಹೀಗೇ ಆಗ್ತದೆ" ಎನ್ನಬಾರದು. ಮಾತ್ರೆ ಶುರು ಮಾಡು, ಬಿಡು ಎನ್ನಬಾರದು. ಆಪರೇಷನ್ ಫೋಟೋ ತೋರಿಸಬಾರದು. ಇವತ್ತು ಮಾತು ಬೇಡ ಎಂದು ಯಾರು ಹೇಳಿದರೂ ಇನ್ನೊಬ್ಬರು ಬೇಜಾರು ಮಾಡಿಕೊಳ್ಳಬಾರದು. ಯಾವ ಹಂತದ ಕಾಯಿಲೆ ಎಂಬ ಹೋಲಿಕೆಯೂ ಬೇಡ. ಒಂದರಿಂದ ನಾಲ್ಕರವರೆಗೆ ಹಂತ ಹೇಳುತ್ತಾರಾದರೂ ಹಂತಕ್ಕೂ ನೋವಿಗೂ ತಾಳೆಯಾಗುವುದಿಲ್ಲ. ಒಂದನೇ ಹಂತದವರು ನೆಲ ಹಿಡಿಯುವುದುಂಟು.

ಆ ಅಕ್ಕನಿಂದ ಬಂದ ಮಾತುಗಳು ನನ್ನ ಬಳಿ ಇರಲಿಲ್ಲ, ಡಾಕ್ಟರ ಬಳಿಯೂ ಇರಲಿಕ್ಕಿಲ್ಲ. ನೆಲದ ಮೇಲೆ ಹಾಸಿಗೆ ಬೇಡ, ಮಂಚ ಹಾಕಿಸು. ಏಳುವಾಗ ನೆಟ್ಟಗೆ ಏಳಬೇಡ, ಮಗ್ಗುಲಿಗೆ ಹೊರಳಿ ಕೈ ಊರಿ ಏಳು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೋ. ಡಿಸ್ಚಾರ್ಜ್ ಆಗಿ ಬರುವಾಗಲೂ ಆ ದಿಂಬು ಕಾರಿನಲ್ಲಿರಲಿ, ರಸ್ತೆಯ ಹಂಪ್ ಒಂದೊಂದೂ ಗೊತ್ತಾಗ್ತದೆ. ಸೊಂಟಕ್ಕೆ ಲಾಡಿ, ಎಲಾಸ್ಟಿಕ್ ಬಿಗಿಯುವ ಬಟ್ಟೆ ಬೇಡ, ಸಡಿಲ ನೈಟಿ ಸಾಕು. ಹಂಡೆಯ ನೀರನ್ನು ಬೇರೆಯವರೇ ಬಕೆಟಿಗೆ ತುಂಬಿಕೊಡಲಿ. "ಹೆಗಲು ನೋವು ಬಂದ್ರೆ ಗಾಬರಿಯಾಗ್ಬೇಡ ಮಾರಾಯ್ತಿ, ಹೊಟ್ಟೆಗೆ ಹೊಡೆದ ಗಾಳಿ ಅದು" ಎಂದು ಅಕ್ಕ ಹೇಳಿದ್ದು ನಿಜ. ಲ್ಯಾಪರೋಸ್ಕೋಪಿಯಲ್ಲಿ ತುಂಬುವ ಕಾರ್ಬನ್ ಡೈಆಕ್ಸೈಡ್ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕಿ ಹೆಗಲಲ್ಲಿ ನೋವು ಕಾಣಿಸುತ್ತದೆ. ನಿಧಾನಕ್ಕೆ ಓಡಾಡಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದರ ಜೊತೆ ಉಸಿರು ಕಟ್ಟಿದರೆ, ಎದೆ ಹಿಡಿದರೆ ಮಾತ್ರ ಗಾಳಿ ಎಂದು ಕೂರಬಾರದು ಎಂಬುದನ್ನು ನಾನು ಸೇರಿಸಿದೆ.

ಮನೆಯವರ ಜೊತೆಗೂ ಕೂತು ಮಾತಾಡಿದೆವು. ಅತ್ತೆಯವರು ಮೊದಲು ಹೇಳಿದ್ದು, "ನಾವೆಲ್ಲ ಹದಿನೈದು ದಿನಕ್ಕೇ ಕೊಟ್ಟಿಗೆಗೆ ಇಳಿದವರು". ನಾನು ವಾದ ಮಾಡಲಿಲ್ಲ. ಆ ಹದಿನೈದು ದಿನ ಹೇಗಿತ್ತು ಹೇಳಿ ಎಂದೆ. ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತ ಕೂತರು. ಆಮೇಲೆ ಬಚ್ಚಲಲ್ಲಿ ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದದ್ದು, ಹೊಲಿಗೆ ಕೀವಾದದ್ದು, ಅದನ್ನು ಯಾರಿಗೂ ಹೇಳದೆ ಅರಿಶಿನ ಹಚ್ಚಿಕೊಂಡದ್ದು ಎಲ್ಲ ಹೇಳಿದರು. ಮಗನಿಗೆ ಅದು ಗೊತ್ತೇ ಇರಲಿಲ್ಲ. ಆಳುಗಳ ಊಟಕ್ಕೆ ಪಕ್ಕದ ಮನೆಯವರನ್ನು ಗೊತ್ತುಮಾಡುವುದು, ನೀರು, ಕಟ್ಟಿಗೆ, ಹುಲ್ಲು ಹೊರುವುದು ಆರು ವಾರ ಸೊಸೆಗಿಲ್ಲ ಎಂಬುದು ಅವರ ಬಾಯಿಂದಲೇ ತೀರ್ಮಾನವಾಯಿತು. ಮಕ್ಕಳ ವಿಷಯದಲ್ಲಿ ಅವರ ಮಾತಿನ ಮೊನೆ ಹಾಗೇ ಇತ್ತು. ಅದನ್ನು ಅವತ್ತು ಎತ್ತಿಕೊಳ್ಳಲಿಲ್ಲ.

ಸಣ್ಣ ತಯಾರಿಗಳನ್ನೂ ಹೇಳಬೇಕು. ಯಶಸ್ವಿನಿ ಕಾರ್ಡ್ ಇದ್ದುದರಿಂದ ಈ ಚಿಕಿತ್ಸೆ ಅದರಲ್ಲಿ ಬರುತ್ತದಾ, ಆ ಆಸ್ಪತ್ರೆ ಪಟ್ಟಿಯಲ್ಲಿದೆಯಾ, ಮೊದಲೇ ಅನುಮತಿ ಬೇಕಾ ಎಂದು ದಾಖಲಾಗುವ ಮುನ್ನ ವಿಚಾರಿಸಲು ಹೇಳಿದೆ. ಇವರು ಹಿಂದೆ ನಾಟಿ ಔಷಧಿ ತೆಗೆದುಕೊಂಡಿದ್ದರು. ಅದನ್ನು ಮುಚ್ಚಿಡದೆ ಅರಿವಳಿಕೆ ಡಾಕ್ಟರಿಗೆ ಹೇಳಿಸಿದೆ, ಕೆಲವು ಬೇರು, ಸೊಪ್ಪು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆಪರೇಷನ್ ದಿನ ಬೆಳಿಗ್ಗೆ ಏನೂ ತಿನ್ನಬಾರದು ಎಂದರೆ ಹಾಲು ಹಾಕಿದ ಕಾಫಿಯೂ ಆಗದು, ಇಲ್ಲಿಯವರಿಗೆ ಇದನ್ನು ಬಿಡಿಸಿಯೇ ಹೇಳಬೇಕು.

ಆಪರೇಷನ್ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸಿಸ್ಟ್ ತೆಗೆದರು, ಅಂಟಿದ್ದನ್ನು ಬಿಡಿಸಿದರು, ಕರುಳಿನ ಮೇಲ್ಮೈಯ ಗಂಟನ್ನು ಹೆರೆದು ತೆಗೆದರು. ಎರಡೂ ಅಂಡಾಶಯ, ಗರ್ಭಕೋಶ ಉಳಿದವು. ಮೂರನೇ ದಿನ ಮನೆಗೆ ಬಂದರು. ಗಂಜಿ, ತಿಳಿಸಾರು, ಒಂದೆಲಗದ ತಂಬುಳಿ, ಮಲಬದ್ಧತೆಯಾಗದಂತೆ ಡಾಕ್ಟರು ಬರೆದ ಸಿರಪ್. ಜ್ವರ 100.4 ಡಿಗ್ರಿ ದಾಟಿದರೆ, ಗಾಯದಲ್ಲಿ ಕೀವು ಬಂದರೆ, ಹೊಟ್ಟೆನೋವು ಇಳಿಯದೆ ಏರುತ್ತಲೇ ಹೋದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಟ್ಟಿದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾದರೆ, ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ ರಾತ್ರಿಯಾದರೂ ಹೊರಡಬೇಕೆಂದು ಗಂಡನಿಗೆ ಬರೆದುಕೊಟ್ಟಿದ್ದೆ. ಗಾಡಿ ಯಾರದು, ಡ್ರೈವರ್ ಯಾರು ಎಂಬುದೂ ಮೊದಲೇ ಗೊತ್ತಾಗಿತ್ತು. ಒಳಗಿನ ಹಳ್ಳಿಗಳಲ್ಲಿ ಇದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವಂತಿಲ್ಲ.

ಅಕ್ಕನ ಜೊತೆ ಮಾತಾಡಲು ಒಂದು ಅಡ್ಡಿ ಬಂತು. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಧರೆ ಹತ್ತಿ ಮೇಲಿನ ರಸ್ತೆಗೆ ಹೋದರೆ ಮಾತ್ರ ಸಿಗ್ನಲ್, ಇವರು ಹತ್ತುವಂತಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವಾಗ ಗಂಡ ಇವರ ಫೋನ್ ಒಯ್ದು, ಅಕ್ಕನ ವಾಯ್ಸ್ ಮೆಸೇಜ್ ಇಳಿಸಿಕೊಂಡು ಬಂದು ಕೊಡುತ್ತಿದ್ದರು. ಇವರ ಉತ್ತರ ಮರುದಿನ ಹೋಗುತ್ತಿತ್ತು. ಆ ಮೆಸೇಜುಗಳನ್ನು ಗಂಡ ಕೇಳಬಾರದೆಂದು ನಾನು ಹೇಳಿದ್ದೆ. ಅವರು ಒಂದು ಮೆಸೇಜನ್ನೂ ಕೇಳಲಿಲ್ಲ.

ಕಷ್ಟ ಬಂದದ್ದು ಎರಡನೇ ತಿಂಗಳು. ಆಪರೇಷನ್ ನಂತರದ ಮೊದಲ ಮುಟ್ಟು ಜೋರಾಗಿ, ನೋವಿನಿಂದಲೇ ಬಂತು. ಹೀಗಾಗಬಹುದೆಂದು ಮೊದಲೇ ಹೇಳಿದ್ದರೂ ಎಲ್ಲ ವ್ಯರ್ಥವಾಯಿತು ಎಂದು ಕುಸಿದರು. ಅಕ್ಕನನ್ನು ನೇರವಾಗಿ ಕೇಳಿದರು: ನಿಮಗೆ ಈಗ ನೋವು ಪೂರ್ತಿ ಹೋಗಿದೆಯಾ? ಇಲ್ಲ, ಅರ್ಧಕ್ಕೆ ಇಳಿದಿದೆ, ತಿಂಗಳಲ್ಲಿ ಒಂದೆರಡು ದಿನ ಈಗಲೂ ಮಾತ್ರೆ ಬೇಕು ಎಂದು ಅಕ್ಕ ಇದ್ದದ್ದು ಹೇಳಿದರು. ಆಮೇಲೆ ಕೆಲವು ದಿನ ಇವರು ಅಕ್ಕನ ಮೆಸೇಜ್ ತೆರೆಯಲೇ ಇಲ್ಲ.

ಜೊತೆಗಾರರ ಬೆಂಬಲದಲ್ಲಿ ಈ ಅಪಾಯ ಇದ್ದೇ ಇದೆ. ಆದರೂ ಅಕ್ಕ ಸುಳ್ಳು ಸಮಾಧಾನ ಹೇಳಬೇಕಿತ್ತು ಎಂದು ನನಗೆ ಅನಿಸುವುದಿಲ್ಲ. ಎಂಡೊಮೆಟ್ರಿಯೋಸಿಸ್‌ಗೆ ಬೇರುಸಹಿತ ಕೀಳುವ ಚಿಕಿತ್ಸೆ ಇನ್ನೂ ಇಲ್ಲ. ಶಸ್ತ್ರಚಿಕಿತ್ಸೆ ಅನೇಕರ ನೋವನ್ನು ಬಹಳ ಇಳಿಸುತ್ತದೆ, ಕೆಲವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಈ ಸತ್ಯವನ್ನು ಇದೇ ಹಾದಿಯಲ್ಲಿ ನಡೆದವರ ಬಾಯಿಂದ ಕೇಳುವುದು ಒಳ್ಳೆಯದು, ಕೇಳಿದ ಮೇಲೆ ಜೊತೆಗೆ ಕೂರಲು ಒಬ್ಬರು ಬೇಕು. ಆ ಭೇಟಿಯಲ್ಲಿ ಸಾಯುವ ಯೋಚನೆ ಬರುತ್ತದೆಯಾ ಎಂದು ನೇರವಾಗಿಯೇ ಕೇಳಿದೆ. ಬದುಕಿ ಏನು ಅನಿಸುತ್ತದೆ, ಮಾಡಿಕೊಳ್ಳುವ ಯೋಚನೆ ಇಲ್ಲ ಎಂದರು. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಫೋನಿನಲ್ಲಿ ಉಳಿಸಿಕೊಟ್ಟೆ. ಮನೆಯಲ್ಲಿದ್ದ ಲ್ಯಾಂಡ್‌ಲೈನ್ ಪಕ್ಕದ ಕ್ಯಾಲೆಂಡರಿನ ಮೇಲೂ ಬರೆಸಿದೆ. ಮುಟ್ಟು ತಡೆಯಲು ಡಾಕ್ಟರು ಡೈಯೆನೊಜೆಸ್ಟ್ 2 ಮಿಲಿಗ್ರಾಂ ಶುರು ಮಾಡುವವರಿದ್ದರು. ಆ ಮಾತ್ರೆಯಿಂದ ಕೆಲವರಿಗೆ ಮನಸ್ಸು ಕುಗ್ಗುತ್ತದೆ, ಆದ್ದರಿಂದ ಇವರ ಸ್ಥಿತಿಯನ್ನು ಒಪ್ಪಿಗೆ ಪಡೆದು ಡಾಕ್ಟರಿಗೆ ತಿಳಿಸಿದೆ.

ಜೊತೆಗೆ ಒಂದು ಅಭ್ಯಾಸ ಕೊಟ್ಟೆ. ದಿನವೂ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ, ಅದರ ಎದುರು ಅವತ್ತು ಮಾಡಲು ಆದದ್ದನ್ನು ಬರೆಯುವುದು. ಲೆಕ್ಕದವರಿಗೆ ಇದು ಹಿಡಿಸಿತು. ಮೂರನೇ ತಿಂಗಳ ಪುಟದಲ್ಲಿ ಹೀಗಿತ್ತು: "4. ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಬಂದೆ. ಕೂತೇ ಹೋದೆ." "3. ಕಕ್ಕಸಿಗೆ ನೋವಿಲ್ಲ." ಇವನ್ನು ಅವರೇ ಅಕ್ಕನಿಗೆ ಓದಿ ಕಳಿಸಿದರು, ಮಾತು ಮತ್ತೆ ಶುರುವಾಯಿತು. ಗಂಡ ಹೆಂಡತಿ ಸೇರುವಾಗಿನ ನೋವಿನ ಬಗ್ಗೆ ಇಬ್ಬರನ್ನೂ ಕೂರಿಸಿ ಮಾತಾಡಿದೆ. ಡಾಕ್ಟರು ನೋಡಿ ಸರಿ ಎಂದ ಮೇಲೆಯೇ ಮತ್ತೆ ಶುರು, ನೋವಾದರೆ ಅಲ್ಲಿಗೇ ನಿಲ್ಲಿಸುವುದು, ವಸ್ತಿಕುಹರದ (ಸೊಂಟದೊಳಗಿನ) ಸ್ನಾಯುಗಳಿಗೆ ಫಿಸಿಯೋಥೆರಪಿ ಇದೆ ಎಂಬುದನ್ನು ತಿಳಿಸಿದೆ. "ಇಷ್ಟು ವರ್ಷ ನನಗೆ ಹೇಳಲೇ ಇಲ್ಲ" ಎಂದು ಗಂಡ ಹೇಳಿದ್ದು ದೂರಾಗಿ ಅಲ್ಲ, ನೊಂದುಕೊಂಡು.

ಈಗ ಉಳಿದಿರುವುದು ಮಗುವಿನ ವಿಚಾರ. ಮಾತ್ರೆ ನಿಲ್ಲಿಸಿ ಪ್ರಯತ್ನಿಸೋಣ ಎಂಬುದು ಗಂಡನ ಆಸೆ. ಇನ್ನು ಕೆಲವು ತಿಂಗಳು ನೋವಿಲ್ಲದೆ ಇರಬೇಕು ಎಂಬುದು ಇವರದು. ಬಸಿರು ಈ ಕಾಯಿಲೆಗೆ ಮದ್ದಲ್ಲ, ನೋವು ಹೋಗಲೆಂದು ಮಗು ಬೇಡ, ಮಗು ಬೇಕೆನಿಸಿದರೆ ಮಗುವಿಗಾಗಿಯೇ ಬೇಕೆನ್ನಿ ಎಂದು ಇಬ್ಬರಿಗೂ ಹೇಳಿದೆ. ಮಾತಿನ ನಡುವೆ ತಿಳಿದದ್ದು, ಆರು ವರ್ಷದಲ್ಲಿ ಹೆಂಡತಿಗೆ ಆಗದ ಪರೀಕ್ಷೆಯಿಲ್ಲ, ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿಲ್ಲ. ಅದು ಮೊದಲೇ ಆಗಬೇಕಿತ್ತು. ಅವರು ಮಾಡಿಸಲು ಒಪ್ಪಿದ್ದಾರೆ. ಆ ವರದಿ ಮತ್ತು ಎಎಂಎಚ್ ವರದಿ ಎರಡನ್ನೂ ಹಿಡಿದು ಒಟ್ಟಿಗೆ ಡಾಕ್ಟರ ಬಳಿ ಹೋಗಬೇಕು, ಅಲ್ಲಿಯವರೆಗೆ ಮಾತ್ರೆ ತಾವಾಗಿ ನಿಲ್ಲಿಸಬಾರದು ಎಂದು ಹೇಳಿದ್ದೇನೆ. ಅತ್ತೆಗೆ ಇದನ್ನು ಈಗಲೇ ಹೇಳುವುದು ಬೇಡ ಎಂಬುದು ಇಬ್ಬರೂ ಸೇರಿ ಮಾಡಿದ ತೀರ್ಮಾನ.