ಲಿನಕ್ಸ್ ಆವೃತ್ತಿ ತಡವಾಗಿದೆ: ಕಂಪನಿಗೆ ಏನು ಬರೆಯಬೇಕು?

ನಮ್ಮ ಬಳಕೆದಾರರ ಗುಂಪಿನ ಪರವಾಗಿ ಕಂಪನಿಗೆ ಕಳುಹಿಸಲು ನೀವು ಈ ಚರ್ಚೆಯಲ್ಲಿ ಹಾಕಿರುವ ಪತ್ರದ ಕರಡನ್ನು ಎರಡು ಸಲ ಓದಿದೆ. ನಾವು ಕೊಂಡ ಧ್ವನಿಮುದ್ರಣ ತಂತ್ರಾಂಶದ ಲಿನಕ್ಸ್ (ವಿಂಡೋಸ್‌ಗೆ ಬದಲಾಗಿ ಬಳಸುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಆವೃತ್ತಿ ‘ಶೀಘ್ರದಲ್ಲೇ’ ಬರುತ್ತದೆ ಎಂದು ಕಂಪನಿ ಹೇಳಿ ಎರಡು ವರ್ಷ ಕಳೆದಿದೆ. ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬರುತ್ತಿದೆ, ನಮಗೆ ಒಂದು ಸೊಲ್ಲೂ ಇಲ್ಲ. ಸಿಟ್ಟು ಬರುವುದು ಸಹಜ. ಆದರೂ ಈ ಪತ್ರವನ್ನು ಹೀಗೆಯೇ ಕಳುಹಿಸಬೇಡಿ. ‘ಹದಿನೈದು ದಿನದೊಳಗೆ ಬಿಡುಗಡೆಯ ದಿನಾಂಕ ತಿಳಿಸಿ, ಇಲ್ಲವಾದರೆ ಎಲ್ಲರೂ ಬಿಟ್ಟು ಹೋಗುತ್ತೇವೆ’ ಎಂಬ ಸಾಲಿಗೆ ಯಾವ ಉತ್ತರ ಬರುತ್ತದೆ ಎಂದು ಈಗಲೇ ಹೇಳಬಲ್ಲೆ: ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಸಂಬಂಧಪಟ್ಟ ವಿಭಾಗಕ್ಕೆ ತಲುಪಿಸಿದ್ದೇವೆ.’ ಬೇರೊಂದು ಕಂಪನಿಯಿಂದ ಬಂದ ಇಂಥ ಮೂರು ಉತ್ತರಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನಮ್ಮ ಪತ್ರ ಓದುವ ಗ್ರಾಹಕ ಸೇವೆಯವರ ಕೈಯಲ್ಲಿ ದಿನಾಂಕ ಇರುವುದಿಲ್ಲ. ಡೆವಲಪರ್ ಬಳಿ ಅಂದಾಜು ಇರಬಹುದು, ಅದು ತಪ್ಪಿದರೆ ಬೈಗುಳ ತಿನ್ನುವವನು ತಾನೇ ಎಂದು ಅವನು ಬಾಯಿ ಬಿಡುವುದಿಲ್ಲ. ಆದ್ದರಿಂದ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳಿ. ಇದಕ್ಕೆ ಉತ್ತರಿಸಿದರೆ ಯಾರೂ ಮಾತಿಗೆ ತಪ್ಪಿದಂತಾಗುವುದಿಲ್ಲ, ನಮಗೂ ದಿನಾಂಕಕ್ಕಿಂತ ಹೆಚ್ಚು ತಿಳಿಯುತ್ತದೆ.

ಇಂಥ ತಂತ್ರಾಂಶ ಲಿನಕ್ಸ್‌ನಲ್ಲಿ ಎಡವುವ ಜಾಗಗಳು ಕೆಲವೇ. ಧ್ವನಿಯ ಗೋಜಲು ಬಹುಮಟ್ಟಿಗೆ ತಿಳಿಯಾಗಿದೆ. 2021ರಲ್ಲಿ ಫೆಡೋರಾ 34 ಎಂಬ ಡಿಸ್ಟ್ರೊ (ಲಿನಕ್ಸ್‌ನ ಒಂದು ಸಿದ್ಧರೂಪ) ಪೈಪ್‌ವೈರ್ ಎಂಬ ಹೊಸ ಧ್ವನಿ ವ್ಯವಸ್ಥೆಯನ್ನು ಪೂರ್ವನಿಯೋಜಿತವಾಗಿ ಕೊಟ್ಟ ಮೇಲೆ ಉಳಿದ ಹಲವು ಡಿಸ್ಟ್ರೊಗಳೂ ಅದೇ ದಾರಿ ಹಿಡಿದವು. ಈಗಿನ ನಿಜವಾದ ತಲೆನೋವುಗಳಲ್ಲಿ ಮೊದಲನೆಯದು ಪ್ಲಗಿನ್ (ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಕಿಟಕಿಗಳದು. ಪರದೆಯ ಮೇಲೆ ಕಿಟಕಿ ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಒಂದು ಪ್ರೋಗ್ರಾಮಿನ ಕಿಟಕಿಯೊಳಗೆ ಇನ್ನೊಂದು ತನ್ನ ಕಿಟಕಿಯನ್ನು ಕೂರಿಸಬಹುದಿತ್ತು. ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ಅದಕ್ಕೆ ಅಂಥ ನೇರ ದಾರಿ ಇಲ್ಲ. ಸದ್ಯಕ್ಕೆ ವೇಲ್ಯಾಂಡ್ ಒಳಗೆ ಎಕ್ಸ್11 ಪ್ರೋಗ್ರಾಮುಗಳನ್ನು ನಡೆಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡಿಸಬಹುದು, ಅಂದರೆ ಇದು ಬಿಡುಗಡೆಯನ್ನೇ ತಡೆಯಬೇಕಾದ ಕಾರಣವಲ್ಲ. ಎರಡನೆಯದು ಜಿಲಿಬ್‌ಸಿ, ಅಂದರೆ ಲಿನಕ್ಸ್ ಪ್ರೋಗ್ರಾಮುಗಳು ಅವಲಂಬಿಸುವ ಮೂಲ ಲೈಬ್ರರಿ: ಹೊಸ ಡಿಸ್ಟ್ರೊದಲ್ಲಿ ಕಟ್ಟಿದ ಪ್ರೋಗ್ರಾಮ್ ಹಳೆಯದರಲ್ಲಿ ಅನೇಕ ಸಲ ಏಳುವುದಿಲ್ಲ. ಹಳೆಯದರ ಮೇಲೆ ಕಟ್ಟಿದರೆ ಅಥವಾ ಫ್ಲಾಟ್‌ಪ್ಯಾಕ್ (ಬೇಕಾದ ಲೈಬ್ರರಿಗಳನ್ನೂ ಜೊತೆಗೇ ಕೊಡುವ ಪ್ಯಾಕೇಜ್) ಮಾಡಿದರೆ ಅದು ಮುಗಿದ ಕಥೆ. ಮೂರನೆಯದು ಲೈಸೆನ್ಸ್ ಪರೀಕ್ಷಿಸುವ ಭಾಗ. ಅದನ್ನು ಕಂಪನಿ ಬೇರೆಯವರಿಂದ ಕೊಂಡಿದ್ದು, ಅವರ ಬಳಿ ಲಿನಕ್ಸ್ ಆವೃತ್ತಿಯೇ ಇಲ್ಲದಿದ್ದರೆ ನಮ್ಮ ಕಂಪನಿಯೂ ನಮ್ಮಂತೆ ಕಾಯುತ್ತಾ ಕುಳಿತಿದೆ ಎಂದರ್ಥ. ಮೊದಲೆರಡಾದರೆ ನಾನು ಕಾಯುತ್ತೇನೆ. ಮೂರನೆಯದಾದರೆ ಈ ವರ್ಷ ನವೀಕರಣಕ್ಕೆ ಹಣ ಕಟ್ಟುವುದಿಲ್ಲ. ನಾಲ್ಕನೆಯ ಸಾಧ್ಯತೆಯೂ ಇದೆ: ಈ ಕೆಲಸಕ್ಕೆ ಇದ್ದ ಒಬ್ಬನೇ ಡೆವಲಪರ್ ಕೆಲಸ ಬಿಟ್ಟು ಹೋಗಿರಬಹುದು. ಇದನ್ನು ಯಾವ ಕಂಪನಿಯೂ ತಾನಾಗಿ ಹೇಳುವುದಿಲ್ಲ, ನೇರವಾಗಿ ಕೇಳಿದರೆ ಕೆಲವೊಮ್ಮೆ ಹೇಳುತ್ತದೆ.

‘ತಂತ್ರಾಂಶ ಸಿದ್ಧವಾಗುವ ಮೊದಲು ಯಾವ ಕಂಪನಿ ಮಾತಾಡುತ್ತದೆ?’ ಎಂದು ಈ ಚರ್ಚೆಯಲ್ಲಿ ಒಬ್ಬರು ಕೇಳಿದ್ದಾರೆ. ಮಾತಾಡಿದವರಿದ್ದಾರೆ. 2012ರಲ್ಲಿ ವಾಲ್ವ್ ತನ್ನ ‘ಲೆಫ್ಟ್ ಫೋರ್ ಡೆಡ್ 2’ ಆಟವನ್ನು ಲಿನಕ್ಸ್‌ಗೆ ತರುತ್ತಿದ್ದಾಗ, ಮೊದಲ ಯತ್ನದಲ್ಲಿ ಸೆಕೆಂಡಿಗೆ ಆರೇ ಫ್ರೇಮ್ (ಪರದೆಯ ಚಿತ್ರ) ಬಂದದ್ದನ್ನೂ ತಿದ್ದುತ್ತಾ ಹೋಗಿ 315 ತಲುಪಿದ್ದನ್ನೂ ಬಹಿರಂಗವಾಗಿ ಬರೆಯಿತು. ಆರು ಫ್ರೇಮಿನ ಕಥೆ ಹೇಳಿದ್ದಕ್ಕೆ ಅದರ ಮಾನ ಹೋಗಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಗೂಗಲ್ ಡ್ರೈವ್ ಬಂದಾಗ ಲಿನಕ್ಸ್ ಆವೃತ್ತಿಯ ಕೆಲಸ ನಡೆದಿದೆ ಎಂದು ಗೂಗಲ್‌ನವರು ಹೇಳಿದ್ದರು, ಅದು ಇನ್ನೂ ಬಂದಿಲ್ಲ. ಜನ ಇಂದಿಗೂ ಅದನ್ನು ನೆನೆಸಿಕೊಂಡು ನಗುತ್ತಾರೆ. 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಟೀಮ್ಸ್‌ನ ಲಿನಕ್ಸ್ ಆ್ಯಪ್ ನಿಲ್ಲಿಸುವುದಾಗಿ ಮೊದಲೇ ತಿಳಿಸಿ ನಿಲ್ಲಿಸಿತು. ನನಗೆ ಬೇಸರವಾಯಿತು, ಆದರೆ ಬ್ರೌಸರ್‌ಗೆ ಹೋಗಬೇಕು ಎಂಬುದಾದರೂ ಗೊತ್ತಾಯಿತು.

ಈಗ ಪತ್ರಕ್ಕೆ ಬರೋಣ. ಮೊದಲ ಸಾಲಿನಲ್ಲೇ ನಾವು ಹಣ ಕೊಟ್ಟು ಕೊಂಡವರು ಎಂಬುದು ಬರಲಿ. ಗುಂಪಿನಲ್ಲಿ ಎಷ್ಟು ಜನರ ಬಳಿ ಲೈಸೆನ್ಸ್ ಇದೆ, ಲಿನಕ್ಸ್ ಆವೃತ್ತಿ ಬಂದರೆ ಇನ್ನೆಷ್ಟು ಜನ ಕೊಳ್ಳುತ್ತಾರೆ ಎಂಬ ಲೆಕ್ಕ ಕೊಡಿ. ಹನ್ನೊಂದು ಇದ್ದರೆ ಹನ್ನೊಂದೇ ಬರೆಯಿರಿ, ನೂರಾರು ಎನ್ನಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದರಿಂದ ನಮ್ಮಲ್ಲಿ ಕೆಲವರು ಹಳೆಯ ಯಂತ್ರಗಳನ್ನು ಲಿನಕ್ಸ್‌ಗೆ ಬದಲಿಸಿದ್ದನ್ನೂ ಸೇರಿಸಿ. ವ್ಯಾಪಾರದ ಕಡೆಯವರಿಗೆ ಅರ್ಥವಾಗುವ ಭಾಷೆ ಅದು. ನಂತರ ಕೇಳಬೇಕಾದದ್ದನ್ನು ನಾನಾದರೆ ಹೀಗೆ ಬರೆಯುತ್ತೇನೆ:

‘ಲಿನಕ್ಸ್ ಆವೃತ್ತಿಯ ಕೆಲಸ ಈಗ ನಡೆಯುತ್ತಿದೆಯೇ, ನಿಂತಿದೆಯೇ? ನಡೆಯುತ್ತಿದ್ದರೆ ಯಾವ ಭಾಗ ಬಾಕಿ ಇದೆ? ನಿಂತಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ, ನಾವು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇವೆ. ದಿನಾಂಕ ಕೇಳುತ್ತಿಲ್ಲ. ಮೂರು ತಿಂಗಳಿಗೊಮ್ಮೆ ನಾಲ್ಕು ಸಾಲಿನ ಸ್ಥಿತಿ ವರದಿ ಸಾಕು, ಪ್ರಗತಿ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಅರೆಬೆಂದ ಆವೃತ್ತಿಯನ್ನು ಪರೀಕ್ಷಿಸಿ ದೋಷಗಳನ್ನು ವಿವರವಾಗಿ ತಿಳಿಸಲು ನಮ್ಮಲ್ಲಿ ಮೂವರು ಸಿದ್ಧರಿದ್ದೇವೆ.’

ಇದಕ್ಕಿಂತ ಉದ್ದ ಬೇಡ. ಹಣ ವಾಪಸಿನ ಮಾತನ್ನು ಇದರಲ್ಲಿ ಬೆರೆಸಬೇಡಿ, ಪತ್ರ ನೇರ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಅಲ್ಲೇ ಮಲಗುತ್ತದೆ. ಲಿನಕ್ಸ್ ಭರವಸೆಯನ್ನು ನಂಬಿಯೇ ಕೊಂಡವರು ಆ ಪ್ರಕಟಣೆಯ ಚಿತ್ರವನ್ನೂ ರಸೀದಿಯನ್ನೂ ಇಟ್ಟುಕೊಂಡು ಬೇರೆಯಾಗಿ ಬರೆಯಲಿ. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮತ್ತು ಅದರ ನೆರವಿನಿಂದ ಕೆಲಸ ಮಾಡುವ ಯಾಬ್ರಿಜ್ ಮೂಲಕ ವಿಂಡೋಸ್ ಪ್ಲಗಿನ್‌ಗಳು ಓಡುತ್ತವೆ ಎಂಬುದನ್ನೂ ಬಾಯಿತಪ್ಪಿ ಬರೆಯಬೇಡಿ. ನಾನೂ ಎರಡನ್ನು ಹಾಗೆಯೇ ಓಡಿಸುತ್ತೇನೆ, ಆದರೆ ‘ಓಡುತ್ತಿದೆಯಲ್ಲ, ಮತ್ತೇನು’ ಎನ್ನಲು ಅವರಿಗೆ ಅಷ್ಟೇ ಸಾಕು. ಇನ್ನೊಂದು ಮಾತು: ಡೆವಲಪರ್ ಹೆಸರು ಹುಡುಕಿ ಅವನ ಸ್ವಂತ ಖಾತೆಗೆ ಬೈದು ಬರೆಯುವ ಸಲಹೆಯೂ ಈ ಚರ್ಚೆಯಲ್ಲಿ ಬಂದಿದೆ. ದಯವಿಟ್ಟು ಬೇಡ. ಆ ಕಚೇರಿಯಲ್ಲಿ ಲಿನಕ್ಸ್ ಪರವಾಗಿ ಮಾತಾಡುವವನು ಬಹುಶಃ ಅವನೊಬ್ಬನೇ.

ಆರು ವಾರ ಕಾಯೋಣ, ಒಮ್ಮೆ ನೆನಪಿಸೋಣ. ಆಗಲೂ ಮೌನವಾದರೆ ಕೆಲಸ ನಿಂತಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಅಲ್ಲಿಯವರೆಗೆ ಎಲ್ಲರೂ ತಮ್ಮ ಹಾಡುಗಳ ಪ್ರತಿ ಟ್ರ್ಯಾಕನ್ನೂ ಸೊನ್ನೆಯ ಕ್ಷಣದಿಂದಲೇ ಶುರುವಾಗುವಂತೆ ವೇವ್ (WAV) ಧ್ವನಿ ಕಡತವಾಗಿ ತೆಗೆದಿಟ್ಟುಕೊಳ್ಳಿ. ಯಾವ ತಂತ್ರಾಂಶಕ್ಕೆ ಹೋದರೂ ಅವು ಸರಿಯಾಗಿ ಜೋಡಿಕೊಳ್ಳುತ್ತವೆ.

ತಿದ್ದಿದ ಕರಡನ್ನು ಇಲ್ಲೇ ಹಾಕಿ. ಪಟ್ಟಿಯಲ್ಲಿ ನನ್ನನ್ನೂ ಬರೆದುಕೊಳ್ಳಿ: ಲೈಸೆನ್ಸ್ ಒಂದು, ಡೆಬಿಯನ್ 12 ಡಿಸ್ಟ್ರೊ, ಗ್ನೋಮ್ ಡೆಸ್ಕ್‌ಟಾಪ್, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಪರೀಕ್ಷೆಗೆ ಸಿದ್ಧ.