502 ಹೋಗೋಕೆ ರೆಪ್ಲಿಕಾ ಏರಿಸಬೇಡಿ

ಕ್ಯೂಬರ್ನೆಟಿಸ್‌ನಲ್ಲಿ (ಆ್ಯಪ್ ಕಂಟೇನರ್‌ಗಳನ್ನು ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಹೊಸ ವರ್ಶನ್ ಹಾಕಿದಾಗಲೆಲ್ಲ ಒಂದಷ್ಟು 502 (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಬಾರದ ಎರರ್) ಬರುತ್ತವೆ, ಅದಕ್ಕೆ ರೆಪ್ಲಿಕಾ, ಅಂದರೆ ಆ್ಯಪ್‌ನ ಪ್ರತಿ, 2 ಇದ್ದದ್ದನ್ನು 6 ಮಾಡುತ್ತೇನೆ ಅಂತ ಬರೆದಿದ್ದೀರಲ್ಲ, ಬೇಡ ಸರ್. ನಾನೂ ಹಾಗೇ ಮಾಡಿದ್ದೆ, ಬಿಲ್ ಏರಿತೇ ಹೊರತು 502 ಹೋಗಲಿಲ್ಲ. ಅಪ್‌ಡೇಟ್ ಆಗುವಾಗ ಎಷ್ಟು ಪ್ರತಿ ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಮ್ಯಾಕ್ಸ್‌ಅನ್‌ಅವೈಲಬಲ್ (maxUnavailable) ಡೀಫಾಲ್ಟ್ 25%, ಭಿನ್ನರಾಶಿ ಬಂದರೆ ಕೆಳಗಿನ ಪೂರ್ಣಸಂಖ್ಯೆಗೆ ಇಳಿಯುತ್ತದೆ. ಎರಡರಲ್ಲಿ ಅದು ಸೊನ್ನೆ, ಆರರಲ್ಲಿ ಒಂದು ಪಾಡ್ (ಓಡುತ್ತಿರುವ ಒಂದು ಪ್ರತಿ) ಹೊಸದು ಬರುವ ಮೊದಲೇ ಹೋಗಬಹುದು! ಅದನ್ನು 0 ಅಂತ ನೀವೇ ಬರೆದುಬಿಡಿ.

ನಿಜವಾದ ತೊಂದರೆ ಹಳೆ ಪಾಡ್ ಸಾಯುವ ರೀತಿಯಲ್ಲಿದೆ. ಸಿಗ್‌ಟರ್ಮ್ (ಕೆಲಸ ಮುಗಿಸಿಕೊ ಅನ್ನುವ ಸಿಗ್ನಲ್) ಕಳಿಸುವುದು, ರಿಕ್ವೆಸ್ಟ್ ಕಳಿಸಬೇಕಾದ ವಿಳಾಸಗಳಿರುವ ಎಂಡ್‌ಪಾಯಿಂಟ್ ಪಟ್ಟಿಯಿಂದ ಐಪಿ ತೆಗೆಯುವುದು, ಎರಡೂ ಒಟ್ಟಿಗೇ ಶುರುವಾಗುತ್ತವೆ, ಒಂದಕ್ಕೊಂದು ಕಾಯುವುದಿಲ್ಲ. ಅಂಗಡಿ ಷಟರ್ ಎಳೆದಾಗಿದೆ, ಇಂಗ್ರೆಸ್ (ಹೊರಗಿನ ರಿಕ್ವೆಸ್ಟನ್ನು ಪಾಡ್‌ಗಳಿಗೆ ದಾಟಿಸುವ ಬಾಗಿಲು) ಇನ್ನೂ ಗಿರಾಕಿ ಕಳಿಸುತ್ತಲೇ ಇದೆ. ಸಿಗ್‌ಟರ್ಮ್‌ಗೂ ಮೊದಲು ಓಡುವ ಪ್ರಿಸ್ಟಾಪ್‌ನಲ್ಲಿ (preStop) 10 ಸೆಕೆಂಡ್ ಸ್ಲೀಪ್, ಅಂದರೆ ಸುಮ್ಮನೆ ಕಾಯುವುದು, ಹಾಕಿ. ಇದೆಂಥ ಪರಿಹಾರ ಅಂತ ಮೂಗು ಮುರಿಯುವವರಿದ್ದಾರೆ, ಮುರಿಯಲಿ, ನಮ್ಮಲ್ಲಿ ಕೆಲಸ ಮಾಡಿದ್ದು ಇದೇ. ಆದರೆ ಆ 10 ಸೆಕೆಂಡ್ ಗ್ರೇಸ್ ಪೀರಿಯಡ್‌ನ (ಬಲವಂತವಾಗಿ ಕೊಲ್ಲುವ ಮೊದಲು ಪಾಡ್‌ಗೆ ಕೊಡುವ ಸಮಯ) ಡೀಫಾಲ್ಟ್ 30 ಸೆಕೆಂಡಿನೊಳಗೇ ಸೇರುತ್ತದೆ, ರಿಪೋರ್ಟ್ ತೆಗೆಯುವಂಥ ನಿಧಾನದ ರಿಕ್ವೆಸ್ಟ್ ಇದ್ದರೆ 60 ಮಾಡಿ. ಆ್ಯಪ್‌ಗೆ ಬೇಕಾದಷ್ಟನ್ನೇ ಇಟ್ಟ ಡಿಸ್ಟ್ರೋಲೆಸ್ ಇಮೇಜಿನಲ್ಲಿ ಸ್ಲೀಪ್ ಕಮಾಂಡೇ ಇರುವುದಿಲ್ಲ, ಕ್ಯೂಬರ್ನೆಟಿಸ್ 1.30 ಅಥವಾ ಆಮೇಲಿನದಾದರೆ ಅದರದೇ ಸ್ಲೀಪ್ ಆ್ಯಕ್ಷನ್ ಬಳಸಿ.

ಇಷ್ಟಾದರೂ ಸಿಗ್‌ಟರ್ಮ್ ನಿಮ್ಮ ಆ್ಯಪ್‌ಗೆ ಮುಟ್ಟಬೇಕಲ್ವಾ? ಡಾಕರ್‌ಫೈಲ್‌ನಲ್ಲಿ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಆ್ಯಪ್ ಶುರು ಮಾಡುವ ಸಿಎಂಡಿ (CMD) ಸಾಲು ಬ್ರಾಕೆಟ್ ಇಲ್ಲದ ಶೆಲ್ ಫಾರ್ಮ್‌ನಲ್ಲಿದ್ದರೆ ಪಿಐಡಿ 1, ಅಂದರೆ ಕಂಟೇನರಿನ ಮೊದಲ ಪ್ರೋಸೆಸ್, ಶೆಲ್ ಆಗಿರಬಹುದು, ಆಗ ಸಿಗ್ನಲ್ ಅಲ್ಲೇ ನಿಲ್ಲುತ್ತದೆ, ಕೊನೆಗೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಬಂದು ನಡುವೆ ಇದ್ದ ರಿಕ್ವೆಸ್ಟ್‌ಗಳೆಲ್ಲ ಹೋಗುತ್ತವೆ. ಚೌಕ ಬ್ರಾಕೆಟ್ಟಿನ ಎಕ್ಸೆಕ್ ಫಾರ್ಮ್ ಬರೆಯಿರಿ. ನೋಡ್.ಜೆಎಸ್ (Node.js) ಆ್ಯಪ್ ಆದರೆ ಎನ್‌ಪಿಎಂ ಸ್ಟಾರ್ಟ್ ಬಿಟ್ಟು ನೇರ node ಕಮಾಂಡನ್ನೇ ಓಡಿಸಿ.

ಆ್ಯಪ್ ಬದುಕಿದೆಯಾ ಅಂತ ನೋಡಿ, ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿಸುವ ಲೈವ್‌ನೆಸ್ ಪ್ರೋಬ್‌ನಲ್ಲಿ ಡೇಟಾಬೇಸ್ ಚೆಕ್ ಇಡಬೇಡಿ, ದಯವಿಟ್ಟು. ಡಿಬಿ ಸ್ವಲ್ಪ ಎಡವಿದರೆ ಎಲ್ಲ ಪಾಡ್‌ಗಳೂ ಒಟ್ಟಿಗೆ ರೀಸ್ಟಾರ್ಟ್ ಆಗುತ್ತವೆ. ಇಮೇಜಿಗೆ ಲೇಟೆಸ್ಟ್ ಟ್ಯಾಗ್ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ. ರಾತ್ರಿ ರೋಲ್‌ಬ್ಯಾಕ್ ಮಾಡಬೇಕಾದಾಗ ಯಾವುದಕ್ಕೆ ಹಿಂದೆ ಹೋಗುತ್ತೀರಿ? ಗಿಟ್ ಕಮಿಟ್ ನಂಬರನ್ನೇ ಟ್ಯಾಗ್ ಮಾಡಿ.

ಡೇಟಾಬೇಸ್ ಟೇಬಲ್ಲಿನ ಕಾಲಂ ಹೆಸರು ಬದಲಿಸುವ ಮೈಗ್ರೇಶನ್ ಇದ್ದರೆ ಮೇಲಿನದ್ಯಾವುದೂ ಕಾಪಾಡುವುದಿಲ್ಲ, ಯಾಕೆಂದರೆ ಸ್ವಲ್ಪ ಹೊತ್ತು ಹಳೆ ಕೋಡು ಹೊಸ ಕೋಡು ಎರಡೂ ಅದೇ ಟೇಬಲ್ ಮೇಲೆ ಓಡುತ್ತಿರುತ್ತವೆ. ಮೊದಲು ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆಯಿರಿ, ಹಳೆ ಡೇಟಾ ತುಂಬಿಸಿ, ಓದುವುದನ್ನು ಬದಲಿಸಿ, ಹಳೆಯದನ್ನು ಅಳಿಸುವುದು ಇನ್ನೊಂದು ರಿಲೀಸ್‌ನಲ್ಲಿ.

ಕೆಳಗೆ ಒಬ್ಬರು ಒಂದೇ ಸರ್ವರಿನಲ್ಲಿ ಡಾಕರ್ ಕಂಪೋಸ್ ಇದ್ದರೆ ಏನು ಮಾಡುವುದು ಅಂತ ಕೇಳಿದ್ದಾರೆ. ಅದು ಹಳೆಯದನ್ನು ನಿಲ್ಲಿಸಿಯೇ ಹೊಸದನ್ನು ಏಳಿಸುತ್ತದೆ, ಗ್ಯಾಪ್ ಬಂದೇ ಬರುತ್ತದೆ. ಚಿಕ್ಕದಕ್ಕೆ ನನಗೆ ಡಾಕರ್‌ನದೇ ಸ್ವಾರ್ಮ್ ಈಗಲೂ ಇಷ್ಟ, ಅಪ್‌ಡೇಟ್ ಆರ್ಡರ್ ಸ್ಟಾರ್ಟ್-ಫಸ್ಟ್ (ಮೊದಲು ಹೊಸದು ಏಳಲಿ, ಆಮೇಲೆ ಹಳೆಯದು ನಿಲ್ಲಲಿ) ಮಾಡಿ, ಹೆಲ್ತ್‌ಚೆಕ್ ಬರೆಯಿರಿ, ಮುಂದೆ ಟ್ರೇಫಿಕ್ (Traefik) ಅನ್ನುವ ಪ್ರಾಕ್ಸಿ ಇಡಿ. ಅದರ ಬದಲು ಎಂಜಿನ್‌ಎಕ್ಸ್ (nginx) ಆದರೆ ಶುರುವಿನಲ್ಲಿ ಕಂಡ ಐಪಿಯನ್ನೇ ಹಿಡಿದುಕೊಂಡು ಕೂರಬಹುದು, ರೀಲೋಡ್ ಮರೆಯಬೇಡಿ.

ಮೊದಲು ನಿಮ್ಮ ಡಾಕರ್‌ಫೈಲ್‌ನ ಕೊನೆ ಸಾಲು ಇಲ್ಲಿ ಹಾಕಿ ಸರ್, ನೋಡೋಣ.